ಗಣೇಶಪುರಿಯ ಬಿಸಿನೀರು ಯಾರದ್ದು? ನಮ್ಮ ಮನೆ ಗುಂಪಿನಲ್ಲಿ ನಡೆದ ಜಗಳ

ಪ್ರಶಾಂತ: ಈ ವಿಡಿಯೋ ನೋಡಿ. ಬಿಸಿನೀರಿನ ಬುಗ್ಗೆಯ ನೀರನ್ನು ಪೈಪಿನಲ್ಲಿ ತಂದು ರೂಮಿಗೊಂದು ಟಬ್ಬಿಗೆ ಬಿಡುತ್ತಾರೆ. ಎಷ್ಟು ಕ್ಲೀನ್! ಮುಂಬಯಿ ಹತ್ತಿರದ ಗಣೇಶಪುರಿ, ವಜ್ರೇಶ್ವರಿಯ ಬುಗ್ಗೆಗಳಲ್ಲೂ ಹೀಗೆ ಮಾಡಿದರೆ ಊರಿನವರಿಗೆ ಕೆಲಸ ಸಿಗುತ್ತದೆ. ನಾವೂ ಡಿಸೆಂಬರ್‌ನಲ್ಲಿ ಹೋಗಬಹುದು.

ರಮೇಶ ಮಾವ: ಬೇಡ ಪ್ರಶಾಂತ. 1978ರಲ್ಲಿ ನಾನು ಮುಂಬಯಿಯ ಫೋರ್ಟಿನ ಒಂದು ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದೆ. ರಜೆ ಸಿಕ್ಕಿದ ದಿನ ನಾವು ನಾಲ್ಕು ಜನ ಲೋಕಲ್ ಹಿಡಿದು ವಸಾಯಿಗೆ ಹೋಗಿ, ಅಲ್ಲಿಂದ ಎಸ್‌ಟಿ ಬಸ್ಸಿನಲ್ಲಿ ಗಣೇಶಪುರಿ ಸೇರಿ, ಭೀಮೇಶ್ವರ ದೇವಸ್ಥಾನದ ಹತ್ತಿರದ ಕುಂಡದಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತರೆ ವಾರವಿಡೀ ನಿಂತ ಕಾಲಿನ ನೋವು ಇಳಿಯುತ್ತಿತ್ತು. ನಿತ್ಯಾನಂದ ಸ್ವಾಮಿಗಳು ನಮ್ಮ ಪಕ್ಕದ ಕಾಸರಗೋಡು ಜಿಲ್ಲೆಯ ಕಾಞಂಗಾಡಿನ ಕಡೆಯಿಂದ ಅಲ್ಲಿಗೆ ಬಂದು ನೆಲೆಸಿದವರು, 1961ರಲ್ಲಿ ಅಲ್ಲೇ ಸಮಾಧಿಯಾದರು. ನಮ್ಮ ಕಡೆಯ ಹೋಟೆಲಿನವರು ಅಲ್ಲಿಗೆ ಹೋಗುವುದು ಅದಕ್ಕೇ. ಧಣಿಯೂ ಮಾಣಿಯೂ ಒಂದೇ ನೀರಿನಲ್ಲಿ ಕೂರುತ್ತಿದ್ದರು. ಅಷ್ಟು ಬೇರೆ ಎಲ್ಲಿ ಸಿಗುತ್ತಿತ್ತು ನಮಗೆ?

ಪ್ರಶಾಂತ: ಆ ಕಾಲ ಬೇರೆ ಮಾವ. ಈಗ ಸೌಕರ್ಯ ಬೇಕಲ್ವಾ?

ಸುಜಾತ ಚಿಕ್ಕಮ್ಮ: ಪ್ರಶಾಂತ ಹೇಳುವುದರಲ್ಲಿ ತಪ್ಪಿಲ್ಲ ಅಣ್ಣ. ನೀವು ಗಂಡಸರು ಪಂಚೆ ಸುತ್ತಿಕೊಂಡು ಇಳಿದಿರಿ. ನಾನು ಹೋದ ಒಂದು ಕಡೆ, ಯಾವ ಊರು ಅಂತ ಬೇಡ, ಬಟ್ಟೆ ಬದಲಿಸಲು ಒಂದು ಗೋಡೆಯ ಮರೆ ಕೂಡ ಇರಲಿಲ್ಲ. ನೀರಿನಲ್ಲಿ ಶಾಂಪೂ ಪ್ಯಾಕೆಟ್ ತೇಲುತ್ತಿತ್ತು. ಮಂಡಿ ನೋವಿಗೆಂದು ಹೋದವಳು ಬರೀ ಕಾಲು ಅದ್ದಿ ವಾಪಸ್ ಬಂದೆ.

ರಮೇಶ ಮಾವ: ಇದನ್ನು ನೀನು ಯಾವತ್ತೂ ಹೇಳಿರಲಿಲ್ಲ ಸುಜಾತ.

ಸುಜಾತ ಚಿಕ್ಕಮ್ಮ: ನೀವು ಕೇಳಿರಲಿಲ್ಲ.

ಶ್ರುತಿ (ಒಸಾಕಾ): ಅತ್ತೆ ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಪ್ರಶಾಂತ್ ಭಾವ, ಅದಕ್ಕೆ ಮದ್ದು ರೂಮಿಗೊಂದು ಟಬ್ಬು ಅಲ್ಲ. ಇಲ್ಲಿ ಜಪಾನಿನಲ್ಲಿ ಬೆಪ್ಪು ಅನ್ನುವ ಬಿಸಿನೀರಿನ ಊರಿನಲ್ಲಿ ಕೇರಿಕೇರಿಗೆ ಸಣ್ಣ ಸ್ನಾನದ ಮನೆಗಳಿವೆ. ಎಷ್ಟೋ ಕಡೆ ಕೇರಿಯವರೇ ನೋಡಿಕೊಳ್ಳುತ್ತಾರೆ, ದುಡ್ಡು ಕಡಿಮೆ, ಹೆಂಗಸರಿಗೆ ಬೇರೆ ಕೋಣೆ. ಮೈ ತೊಳೆದುಕೊಂಡೇ ನೀರಿಗೆ ಇಳಿಯಬೇಕು, ಒಳಗೆ ಸೋಪು ಹಚ್ಚುವಂತಿಲ್ಲ. 1948ರಿಂದ ಬಿಸಿನೀರಿನ ಬುಗ್ಗೆಗೇ ಒಂದು ಕಾನೂನಿದೆ, ಅನುಮತಿ ಇಲ್ಲದೆ ಯಾರೂ ಹೊಸದಾಗಿ ಕೊರೆಯುವಂತಿಲ್ಲ.

ಪ್ರಶಾಂತ: ಕೊರೆದರೆ ಏನಾಗುತ್ತದೆ? ನೆಲದಡಿ ಬೇಕಾದಷ್ಟು ಇರುತ್ತದೆ.

ಶ್ರುತಿ: ಇಲ್ಲ ಭಾವ. ಗಣೇಶಪುರಿಯೂ ಸೇರಿದ ಕೊಂಕಣದ ಬುಗ್ಗೆಗಳಿಗೆ ಅಡಿಯಲ್ಲಿ ಜ್ವಾಲಾಮುಖಿ ಇಲ್ಲ. ಮಳೆನೀರು ಬಂಡೆಯ ಬಿರುಕಿನಲ್ಲಿ ತುಂಬಾ ಆಳಕ್ಕೆ ಇಳಿದು, ಅಲ್ಲಿ ಕಾದು, ಇನ್ನೊಂದು ಬಿರುಕಿನಲ್ಲಿ ಮೇಲೆ ಬರುತ್ತದೆ. ಪಕ್ಕದಲ್ಲಿ ಬೋರ್‌ವೆಲ್ ಹಾಕಿ ಜೋರಾಗಿ ಎಳೆದರೆ ಒತ್ತಡ ಇಳಿಯಬಹುದು, ಮೇಲಿನ ತಣ್ಣೀರು ಸೇರಬಹುದು. ಟರ್ಕಿಯ ಪಮುಕ್ಕಲೆಯಲ್ಲಿ ಬುಗ್ಗೆಯ ನೀರಿನ ಸುಣ್ಣ ಕಟ್ಟಿ ಆದ ಬಿಳಿ ಮೆಟ್ಟಿಲುಗಳ ತಲೆಯ ಮೇಲೇ ಹೋಟೆಲು ಕಟ್ಟಿ ಆ ನೀರನ್ನು ಈಜುಕೊಳಕ್ಕೆ ತಿರುಗಿಸಿದ್ದರು. ಮೆಟ್ಟಿಲು ಬಣ್ಣಗೆಟ್ಟಿತು. 1988ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಆ ಹೋಟೆಲುಗಳನ್ನು ಕೆಡವಿಸಬೇಕಾಯಿತು.

ರಮೇಶ ಮಾವ: ಅಷ್ಟು ದೂರ ಯಾಕೆ, ನಮ್ಮ ಪುತ್ತೂರು ತಾಲೂಕಿನ ಇರ್ದೆಯಲ್ಲೇ ಬೆಂದ್ರು ತೀರ್ಥ ಅನ್ನುವ ಬಿಸಿನೀರಿನ ಬುಗ್ಗೆ ಇದೆ. ಸುತ್ತ ಅಡಿಕೆ ತೋಟ, ತೋಟಕ್ಕೆಲ್ಲ ಬೋರ್‌ವೆಲ್. ಅಲ್ಲಿಗೂ ಈ ಟಬ್ಬು ಬಂದರೆ ಉಳಿಯುತ್ತದಾ? ಸುಜಾತ ಹೇಳಿದ ಗೋಡೆ ಕಟ್ಟಿಸಲಿ, ಶೌಚಾಲಯ ಕಟ್ಟಿಸಲಿ, ದಿನಾ ತೊಳೆಯುವವರಿಗೆ ಸರಿಯಾದ ಸಂಬಳ ಕೊಡಲಿ. ಅದಕ್ಕೆ ಹತ್ತಿಪ್ಪತ್ತು ರೂಪಾಯಿ ಕೊಡಲು ನಾನು ತಯಾರು. ಆದರೆ ಲೋಟ ತೊಳೆಯುವ ಹುಡುಗನಿಗೆ ಬಾಗಿಲು ಮುಚ್ಚಬಾರದು.

ಪ್ರಶಾಂತ: ಸರಿ, ಪೈಪಿನ ವಿಷಯ ಒಪ್ಪಿದೆ. ಆದರೆ ಹತ್ತಿಪ್ಪತ್ತು ರೂಪಾಯಿಯಲ್ಲಿ ಯಾವ ಜಾಗವೂ ಕ್ಲೀನ್ ಇರಲ್ಲ ಮಾವ, ಅದನ್ನು ಒಪ್ಪಲ್ಲ.

ಸುಜಾತ ಚಿಕ್ಕಮ್ಮ: ಡಿಸೆಂಬರ್‌ನಲ್ಲಿ ಗಣೇಶಪುರಿಗೇ ಹೋಗೋಣ. ಹೆಂಗಸರಿಗೆ ಮರೆ ಇದೆಯಾ ಅಂತ ಮೊದಲೇ ವಿಚಾರಿಸು ಪ್ರಶಾಂತ. ಅಣ್ಣ, ನಿಮಗೆ ಬಿಪಿ ಇದೆ, ಡಾಕ್ಟರನ್ನು ಕೇಳದೆ ನೀರಿಗೆ ಇಳಿಯುವುದು ಬೇಡ.