ಬ್ರೇಕಿನ ವೈರಿಗೆ ಕೈ ಹಾಕಿಸಬೇಡ, ತಂಗಿ

ತಂಗಿ, ನಿನ್ನ ಮೆಸೇಜ್ ಈಗ ನೋಡಿದೆ. ಸಣ್ಣವನ ಹೊಸ ಬೈಕಿನ ಕ್ರೂಸ್ ಕಂಟ್ರೋಲ್, ಅಂದರೆ ಹಿಡಿ ತಿರುಗಿಸಿ ಹಿಡಿಯದೆಯೇ ಗಾಡಿಯನ್ನು ಒಂದೇ ಸ್ಪೀಡಿನಲ್ಲಿ ಓಡಿಸುವುದು, ಹಾಕಿದ ಸ್ವಲ್ಪ ಹೊತ್ತಿಗೆ ತಾನೇ ಬಿಟ್ಟುಹೋಗುತ್ತದೆ, ಒಮ್ಮೊಮ್ಮೆ ಹಿಡಿಯುವುದೇ ಇಲ್ಲ, ನಾಳೆ ಹಿಡಿದದ್ದು ಬಿಡದೇ ಹೋದರೆ ಹುಡುಗನ ಗತಿ ಏನು ಅಂತ ಕೇಳಿದ್ದೀಯ. ಅದಕ್ಕೆ ಆಮೇಲೆ ಬರುತ್ತೇನೆ. ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, ಯಾವನೋ ಎಲೆಕ್ಟ್ರಿಷಿಯನ್ "ಬ್ರೇಕ್ ಸ್ವಿಚ್ಚಿನ ವೈರ್ ತೆಗೆದುಬಿಟ್ಟರೆ ಆಯ್ತು, ಮತ್ತೆ ಬಿಡೋದಿಲ್ಲ" ಅಂದನಂತೆ ಅಂತ. ಅದನ್ನು ಓದಿ ನನ್ನ ಎದೆ ಧಸಕ್ ಅಂದಿತು. ಬ್ರೇಕ್ ಒತ್ತಿದಾಗ ಹಿಂದಿನ ಕೆಂಪು ಲೈಟ್ ಹತ್ತಿಸುವುದೇ ಆ ಸ್ವಿಚ್. ಟೈಪ್ ಮಾಡುತ್ತಾ ಕೂತರೆ ರಾತ್ರಿ ಆಗುತ್ತದೆ, ಅದಕ್ಕೇ ಬಾಯಲ್ಲಿ ಹೇಳುತ್ತಿದ್ದೇನೆ. ಆ ವೈರಿಗೆ ಯಾರನ್ನೂ ಕೈ ಹಾಕಿಸಬೇಡ.

ಕಮಲಾಪುರದ ಹತ್ತಿರ ನನಗೆ ಆದದ್ದು ನಿಮಗೆಲ್ಲ ಗೊತ್ತೇ ಇದೆ. ಆದರೆ ಯಾಕೆ ಆಯಿತು ಅಂತ ಒಬ್ಬರೂ ಕೇಳಲಿಲ್ಲ. ನಾನಾಗ ಡಿಪೋ ವರ್ಕ್‌ಶಾಪಿನಲ್ಲಿದ್ದೆ. ನನ್ನ ಬೈಕಿನ ಬ್ರೇಕ್ ಲೈಟ್ ಸುಮ್ನೆ ಹತ್ತಿಕೊಂಡೇ ಇರುತ್ತಿತ್ತು. ಪೆಡಲ್ ತುಳಿಯದಿದ್ದರೂ ಕೆಂಪು. ಬ್ಯಾಟರಿ ಇಳಿದುಹೋಗುತ್ತಿತ್ತು. ಡ್ಯೂಟಿ ಮುಗಿಯುವ ಹೊತ್ತಿಗೆ ಕತ್ತಲಾಗುತ್ತಿತ್ತು, ಅದಕ್ಕೆ ಹೊರಗಿನ ಒಬ್ಬ ಮೆಕ್ಯಾನಿಕ್ ಹತ್ತಿರ ಬಿಟ್ಟೆ. ಅವನು ಸ್ವಿಚ್ ಸರಿ ಮಾಡಲಿಲ್ಲ. ವೈರ್ ಕಿತ್ತ, ಟೇಪ್ ಸುತ್ತಿದ, ಒಳಗೆ ಸಿಕ್ಕಿಸಿಬಿಟ್ಟ. ಬಾಯಿ ಬಿಟ್ಟು ಹೇಳಲೂ ಇಲ್ಲ. ಲೈಟ್ ಆರಿತು, ದುಡ್ಡು ತೊಗೊಂಡ.

ತೊಗರಿ ರಾಶಿಯ ದಿನಗಳು. ಹುಮನಾಬಾದ್ ಅತ್ತಿ ಮನೆಯಿಂದ ಸಂಜೆ ಹೊರಟು ಬರುತ್ತಿದ್ದೆ. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಾರಲ್ಲ, ಅದಕ್ಕೆ ಸ್ವಲ್ಪ ಈಚೆಗೆ ಒಂದು ಎಮ್ಮೆ ರಸ್ತೆಗೆ ಬಂತು. ಬ್ರೇಕ್ ಒತ್ತಿದೆ. ಗಾಡಿ ಚೆನ್ನಾಗಿಯೇ ನಿಂತಿತು. ಹಿಂದೆ ತೊಗರಿ ಚೀಲ ತುಂಬಿದ ಟೆಂಪೋ ಇತ್ತು, ಅದು ನಿಲ್ಲಲಿಲ್ಲ. ನಾನು ರಸ್ತೆ ಪಕ್ಕದ ಮುಳ್ಳುಕಂಟಿಯಲ್ಲಿ ಬಿದ್ದಿದ್ದೆ, ಭುಜದ ಎಲುಬು ಮುರಿದಿತ್ತು. ಜನ ಸೇರಿ ಆ ಡ್ರೈವರನಿಗೆ ಬೈಯುತ್ತಿದ್ದರು. ಅವನು ಪಾಪ ಅಳುವ ಹಾಗೆ, "ಕಾಕಾ, ನಿಮ್ಮ ಹಿಂದಿನ ಲೈಟೇ ಹತ್ತಲಿಲ್ಲರಿ" ಅಂದ. ಅವನು ಹೇಳಿದ್ದು ಖರೇ. ಆಮೇಲೆ ನಮ್ಮ ವರ್ಕ್‌ಶಾಪ್ ಹುಡುಗರು ಬಿಚ್ಚಿ ನೋಡಿದಾಗ ಆ ಟೇಪ್ ಸಿಕ್ಕಿತು.

ಸಣ್ಣವನ ಗಾಡಿಯಲ್ಲಿ ಇದು ಇನ್ನೂ ಕೆಟ್ಟದ್ದು, ಕೇಳು. ಕ್ರೂಸ್ ಇರುವ ಇಂಥ ಹೊಸ ಗಾಡಿಗಳಲ್ಲಿ ಸಾಮಾನ್ಯವಾಗಿ ಎಕ್ಸಲೇಟರ್ ಕೇಬಲ್ ಇರುವುದಿಲ್ಲ. ಹಿಡಿ ತಿರುಗಿಸಿದರೆ ಸೆನ್ಸರ್ ಕಂಪ್ಯೂಟರಿಗೆ ಹೇಳುತ್ತದೆ, ಒಂದು ಸಣ್ಣ ಮೋಟರು ಎಷ್ಟು ಬೇಕೋ ಅಷ್ಟು ತೆರೆಯುತ್ತದೆ. ಕ್ರೂಸ್ ಹಾಕಿದಾಗ ಆ ಕಂಪ್ಯೂಟರೇ ಎಕ್ಸಲೇಟರ್ ಹಿಡಿದುಕೊಂಡಿರುತ್ತದೆ. ನೀನು ಬ್ರೇಕ್ ಒತ್ತಿದೆ ಅಂತ ಅದಕ್ಕೆ ಗೊತ್ತಾಗುವುದು ಆ ಸ್ವಿಚ್ಚಿನಿಂದ, ಗೊತ್ತಾದ ತಕ್ಷಣ ಕ್ರೂಸ್ ಬಿಡುತ್ತದೆ. ವೈರ್ ಕಿತ್ತರೆ ಏನಾಗುತ್ತದೆ? ಹುಡುಗ ಬ್ರೇಕ್ ಒತ್ತುತ್ತಿರುತ್ತಾನೆ, ಗಾಡಿ ಮುಂದಕ್ಕೆ ಜಗ್ಗುತ್ತಿರುತ್ತದೆ. ಮೇಲೆ ಹಿಂದಿನವನಿಗೆ ಲೈಟೂ ಇಲ್ಲ. ಇನ್ನೊಮ್ಮೆ ಹೇಳುತ್ತೇನೆ ತಂಗಿ, ಬ್ರೇಕ್ ಸ್ವಿಚ್ಚಿನ ವೈರ್ ಕೀಳುವುದೂ ಬೇಡ, ಡೈರೆಕ್ಟ್ ಮಾಡುವುದೂ ಬೇಡ.

ಆ ಟೆಂಪೋ ಹೊಡೆದ ಮೇಲೆ ನಾನು ಕೈಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿ ಬಿದ್ದಿದ್ದೆ. ಕಮಲಾಪುರ ಮಾಮಾ ರಿಪೇರಿ ಮಾಡಿಸಿಕೊಂಡು ಬರುತ್ತೇನೆ ಅಂತ ಗಾಡಿ ಒಯ್ದವರು ಆ ವರ್ಷದ ರಾಶಿ ಪೂರ್ತಿ ಅದರ ಮೇಲೇ ಓಡಾಡಿದರು. ವಾಪಸ್ ಬಂದಾಗ ಟ್ಯಾಂಕಿನಲ್ಲಿ ಪೆಟ್ರೋಲ್ ಇಲ್ಲ. ಹೆಲ್ಮೆಟ್ ಇನ್ನೂ ಅವರ ಮನೆಯಲ್ಲೇ ಇದೆ. ಮಾಮಾ ಈ ಗ್ರೂಪಿನಲ್ಲಿ ಇದ್ದಾರೆ, ಕೇಳಲಿ. ಸೇಡಂ ಬೀಗರಂತೂ ನಾನೇ ಜೋರಾಗಿ ಓಡಿಸಿದೆ ಅಂತ ಮದುವೆ ಮನೆಯಲ್ಲಿ ಹೇಳಿಕೊಂಡು ತಿರುಗಿದರು. ಇಡೀ ಸರ್ವೀಸು ಗಾಡಿಗಳ ಜೊತೆಗೇ ಕಳೆದವನು ನಾನು. ಸಣ್ಣವ ಬೈಕ್ ಕೊಳ್ಳುವಾಗ ನನ್ನನ್ನು ಯಾರಾದರೂ ಒಂದು ಮಾತು ಕೇಳಿದರಾ? ಗಾಡಿಗೆ ಹಾರ ಹಾಕಿದ ಫೋಟೋ ಬಂತು, ಮಾಲ್ಪುರಿ ಹಂಚಿದ ಫೋಟೋ ಬಂತು. ನಮ್ಮ ಮನೆಗೆ ಮಾಲ್ಪುರಿ ಬರಲಿಲ್ಲ. ಇರಲಿ. ಕೆಟ್ಟಾಗ ಮಾತ್ರ ಅಣ್ಣ ನೆನಪಾಗುತ್ತಾನೆ.

ಅಯ್ಯೋ, ನೀನು ಕೇಳಿದ್ದು ಹಾಗೇ ಉಳಿಯಿತು ನೋಡು. ಮೊದಲು ನಿನ್ನ ಹೆದರಿಕೆ. ತಾನೇ ಬಿಟ್ಟುಹೋಗುವ ಕ್ರೂಸ್‌ನಿಂದ ಅಷ್ಟು ಭಯ ಇಲ್ಲ. ಏನಾದರೂ ಡೌಟ್ ಬಂದರೆ ಬಿಟ್ಟುಬಿಡುವ ಹಾಗೇ ಅದನ್ನು ಮಾಡಿರುತ್ತಾರೆ. ಒಂದು ವೇಳೆ ಬಿಡದೇ ಹೋದರೆ ಕ್ಲಚ್ ಪೂರ್ತಿ ಹಿಡಿಯಲಿ, ಹ್ಯಾಂಡಲಿನ ಕೆಂಪು ಸ್ವಿಚ್ ಒತ್ತಿ ಎಂಜಿನ್ ಬಂದ್ ಮಾಡಲಿ, ಬ್ರೇಕ್ ಒತ್ತಿ ಎಡಕ್ಕೆ ತೊಗೊಳ್ಳಲಿ. ಬೈಕಿನ ಬ್ರೇಕಿಗೆ ಎಂಜಿನ್ ಬೇಕಾಗಿಲ್ಲ, ಬಂದ್ ಇದ್ದರೂ ಹಿಡಿಯುತ್ತದೆ.

ಇವತ್ತು ಕತ್ತಲಾದ ಮೇಲೆ ಗಾಡಿಯನ್ನು ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ ಚಾವಿ ಆನ್ ಮಾಡಲಿ. ಬ್ರೇಕ್ ಮುಟ್ಟದೆಯೇ ಗೋಡೆ ಮೇಲೆ ಕೆಂಪು ಜೋರಾಗಿದ್ದರೆ ಕಳ್ಳ ಸಿಕ್ಕ. ಮುಂದಿನ ಲಿವರ್, ಹಿಂದಿನ ಪೆಡಲ್ ಒಂದೊಂದೇ ಒತ್ತಿ ಬಿಡಲಿ. ಬಿಟ್ಟ ತಕ್ಷಣ ಆರಬೇಕು. ಹಿಂದಿನ ಪೆಡಲ್ ಏರಿಸಿ ಇಳಿಸಿದ ಮೇಲೆ ಸ್ವಿಚ್ ಅಡ್ಜಸ್ಟ್ ಮಾಡದಿದ್ದರೆ ಹೀಗಾಗುವುದು ಜಾಸ್ತಿ. ಹಳ್ಳ ದಿಣ್ಣೆಯಲ್ಲಿ ಗಾಡಿ ಕುಣಿದಾಗ ಲೈಟ್ ಒಂದು ಕ್ಷಣ ಹತ್ತಿದರೂ ಸಾಕು, ಕ್ರೂಸ್ ಬಿಡುತ್ತದೆ. ಅವನು ಹ್ಯಾಂಡ್‌ಗಾರ್ಡ್ ಹಾಕಿಸಿದ್ದಾನಲ್ಲ, ಅದು ಬ್ರೇಕ್ ಅಥವಾ ಕ್ಲಚ್ ಲಿವರಿಗೆ ತಾಗುತ್ತಿದೆಯಾ ನೋಡಲಿ. ಕ್ಲಚ್ಚಿಗೂ ಒಂದು ಸ್ವಿಚ್ ಇದೆ, ಅದು ಸಿಕ್ಕಿಕೊಂಡರೂ ಇದೇ ಕಥೆ.

ಇನ್ನೊಂದು ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಜಾಮ್ ಆಗದ ಹಾಗೆ ನೋಡಿಕೊಳ್ಳುವುದು. ಚಕ್ರ ಎಷ್ಟು ಜೋರಾಗಿ ತಿರುಗುತ್ತಿದೆ ಅಂತ ಹೇಳುವ ಅದರ ಸೆನ್ಸರ್ ಕೆಟ್ಟರೂ ಕ್ರೂಸ್ ಹಿಡಿಯದೇ ಇರಬಹುದು. 125 ಸಿಸಿಗಿಂತ ದೊಡ್ಡ ಗಾಡಿಗಳಿಗೆ 2019ರಿಂದ ಅದು ಕಡ್ಡಾಯ. ಗಾಡಿ ಹೊರಟು ಸ್ವಲ್ಪ ಮುಂದೆ ಹೋದ ಮೇಲೂ ಮೀಟರಿನಲ್ಲಿ ಎಬಿಎಸ್ ದೀಪ ಆರದಿದ್ದರೆ ಚಕ್ರದ ಹತ್ತಿರದ ಸೆನ್ಸರ್ ನೋಡಬೇಕು. ಮೊನ್ನೆ ಮಳೆಯಲ್ಲಿ ಹೊಲಕ್ಕೆ ಒಯ್ದಿದ್ದ. ನಮ್ಮ ಎರೆ ಮಣ್ಣು ಒಣಗಿದರೆ ಸಿಮೆಂಟಿನ ಹಾಗೆ. ಚಕ್ರದ ಜೊತೆ ತಿರುಗುವ ತೂತಿನ ಬಳೆಗೂ ಸೆನ್ಸರಿಗೂ ನಡುವೆ ಕೂತಿದ್ದರೆ ನೆನೆಸಿ, ಬ್ರಶ್ಶಿನಿಂದ ಮೆಲ್ಲಗೆ ತೆಗೆಯಲಿ. ಪ್ರೆಶರ್ ಪೈಪ್ ಹತ್ತಿರ ಹಿಡಿಯುವುದು ಬೇಡ.

ಎಷ್ಟು ಸ್ಪೀಡಿಗೆ, ಯಾವ ಗೇರಿನಲ್ಲಿ ಹಿಡಿಯುತ್ತದೆ ಅನ್ನುವುದು ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಇರುತ್ತದೆ, ಓದಲಿ. ಅದಕ್ಕಿಂತ ಕಡಿಮೆಯಲ್ಲಿ ಒತ್ತಿ ಹಿಡಿಯುವುದಿಲ್ಲ ಅಂದರೆ ಗಾಡಿಯ ತಪ್ಪಲ್ಲ.

ಇದೆಲ್ಲ ಸರಿ ಇದ್ದರೆ ಶೋರೂಮಿಗೇ ಒಯ್ಯಲಿ. ಅವರು ಮಷೀನ್ ಹಚ್ಚಿದರೆ ಯಾವ ಸ್ವಿಚ್ ಅಂತ ಕೋಡ್ ಬರುತ್ತದೆ. ವಾರಂಟಿ ಇದೆ, ಹೊರಗೆ ವೈರ್ ಕತ್ತರಿಸಿದರೆ ಅವರು ಕೈ ಎತ್ತುತ್ತಾರೆ. ಸರಿ ಆಗುವವರೆಗೆ ಬೀದರಿಗೆ ಬರುವಾಗ ಕ್ರೂಸ್ ಹಾಕುವುದೇ ಬೇಡ. 100 ಕಿಲೋಮೀಟರಿಗೂ ಜಾಸ್ತಿ ದಾರಿ, ಬಸ್ಸಿಗೆ ಬಂದರೆ ಇನ್ನೂ ಒಳ್ಳೆಯದು. ಇದನ್ನು ಅವನಿಗೂ ಕಳಿಸು. ಡಬಲ್ ಸ್ಪೀಡಿನಲ್ಲಿ ಕೇಳುತ್ತಾನೆ ಆ ಹುಡುಗ, ಹಾಗೆ ಬೇಡ ಅಂತ ಹೇಳು.