ಓದುಗರ ಸ್ಪಂದನ: ‘ನನ್ನ ಮಗ ಹೀಗಾಗಲು ನಾನೇ ಕಾರಣಳೇ?’

(ಪತಿಯನ್ನು ಕಳೆದುಕೊಂಡು ಗಾರ್ಮೆಂಟ್ಸ್‌ನಲ್ಲಿ ದುಡಿಯುತ್ತಿರುವ ತುಮಕೂರು ಕಡೆಯ ಓದುಗರೊಬ್ಬರು, ಹದಿನೈದು ವರ್ಷದ ಮಗ ಇಬ್ಬರು ಗೆಳೆಯರ ಜೊತೆ ಬೈಕ್ ಕದ್ದು ಸಿಕ್ಕಿಬಿದ್ದು, ಈಗ ಜಾಮೀನಿನ ಮೇಲೆ ಮನೆಯಲ್ಲಿರುವುದಾಗಿ ಬರೆದಿದ್ದರು. ಊರಿನವರ ಬಾಯಿಗೆ ಹೆದರಿ ಅವನನ್ನು ಸೋದರಮಾವನ ಊರಿಗೆ ಕಳುಹಿಸಬೇಕೇ ಎಂಬುದು ಅವರ ಪ್ರಶ್ನೆ.)

ಸಹೋದರಿ, ನಿಮ್ಮ ಪತ್ರ ಕಳ್ಳತನದಿಂದ ಆರಂಭವಾಗುತ್ತದೆ; ಆದರೆ ನೀವು ಬರೆದ ಸಂಗತಿಗಳನ್ನೇ ನಡೆದ ಕ್ರಮದಲ್ಲಿ ಜೋಡಿಸಿದರೆ ಅದು ಎಲ್ಲಕ್ಕಿಂತ ಕೊನೆಯಲ್ಲಿ ಬರುತ್ತದೆ. ಮೊದಲು ತಂದೆಯ ಸಾವು, ಆಮೇಲೆ ನೀವು ಬೆಳಿಗ್ಗೆ ಹೋಗಿ ಕತ್ತಲಾದ ಮೇಲೆ ಮರಳುವ ಕೆಲಸ, ಒಂಬತ್ತನೇ ತರಗತಿಯಲ್ಲಿ ಫೇಲು, ಶಾಲೆ ಬಿಟ್ಟದ್ದು, ಗ್ಯಾರೇಜಿನ ಸಹವಾಸ, ಅನಂತರ ಬೈಕು. ‘ಎಲ್ಲಿಗೆ ಹೋಗಿದ್ದೆ’ ಎಂದು ಕೇಳುವವರು ಒಬ್ಬೊಬ್ಬರಾಗಿ ಇಲ್ಲವಾದ ಹುಡುಗನಿಗೆ ಗೆಳೆಯರ ಗುಂಪೇ ಮನೆಯಾಗುತ್ತದೆ. ಈ ವಯಸ್ಸಿನವರು ಒಂಟಿಯಾಗಿದ್ದಾಗ ಮಾಡಲು ಹಿಂಜರಿಯುವುದನ್ನು ಸಮವಯಸ್ಕರು ನೋಡುತ್ತಿದ್ದಾಗ ಮಾಡಿಬಿಡುತ್ತಾರೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಲಾರೆನ್ಸ್ ಸ್ಟೈನ್‌ಬರ್ಗ್ ಮತ್ತು ಅವರ ಸಹೋದ್ಯೋಗಿ 2005ರಲ್ಲಿ ಪ್ರಯೋಗದಿಂದಲೇ ತೋರಿಸಿದ್ದಾರೆ. ನಿಮ್ಮ ಬಂಧುಗಳು ಹೇಳುವ ‘ಕೆಟ್ಟ ರಕ್ತ’ಕ್ಕೆ ಇಲ್ಲಿ ಕೆಲಸವಿಲ್ಲ. ತಂದೆ ತೀರಿಕೊಂಡಾಗ ಅವನು ಅಳಲಿಲ್ಲವೆಂದು ಬರೆದಿದ್ದೀರಿ. ಗಂಡುಹುಡುಗರ ದುಃಖ ಎಷ್ಟೋ ಸಲ ಕಣ್ಣೀರಾಗುವ ಬದಲು ಸಿಡುಕಾಗಿ, ಮೊಂಡುತನವಾಗಿ ಹೊರಬರುತ್ತದೆ.

2015ರ ಬಾಲ ನ್ಯಾಯ ಕಾಯ್ದೆಯ ಪ್ರಕಾರ ಪ್ರೊಬೇಷನ್ ಅಧಿಕಾರಿಯು, ಮಕ್ಕಳ ಪ್ರಕರಣಗಳನ್ನು ವಿಚಾರಿಸುವ ಬಾಲ ನ್ಯಾಯ ಮಂಡಳಿಗೆ, ಹುಡುಗನ ಮನೆಯ ಪರಿಸ್ಥಿತಿಯನ್ನು ತಿಳಿಸುವ ಸಾಮಾಜಿಕ ತನಿಖಾ ವರದಿ ಸಲ್ಲಿಸಬೇಕು. ಅವರು ಮನೆಗೆ ಬಂದಾಗ ಮಾನಕ್ಕೆ ಅಂಜಿ ‘ಮನೆಯಲ್ಲಿ ಏನೂ ತೊಂದರೆಯಿಲ್ಲ’ ಎನ್ನಬೇಡಿ. ತಾಯಂದಿರು ಸಾಮಾನ್ಯವಾಗಿ ಹೇಳುವ ಈ ಮಾತಿನಿಂದ ಮಗನಿಗೇ ನಷ್ಟ. ಮೇಲಿನ ಕ್ರಮವನ್ನು ಹಾಗೆಯೇ ತಿಳಿಸಿದರೆ ಮಂಡಳಿಯು ಆಪ್ತಸಮಾಲೋಚನೆಗೋ ಪರಿವೀಕ್ಷಣೆಗೋ ಆದೇಶಿಸಲು ಆಧಾರ ಸಿಗುತ್ತದೆ. ಇಂತಹ ಪ್ರಕರಣ ಮುಗಿದ ಮೇಲೆ ಮುಂದೆ ಉದ್ಯೋಗಕ್ಕೆ ಅನರ್ಹತೆ ಉಂಟಾಗದಂತೆ ಕಾಯ್ದೆಯ 24ನೇ ಕಲಂ ರಕ್ಷಣೆ ನೀಡಿದೆ. ಸೋದರಮಾವನ ಊರಿನ ವಿಚಾರ ಬಿಡಿ. ಜಾಮೀನಿನಲ್ಲಿರುವಾಗ ಮಂಡಳಿಗೆ ತಿಳಿಸದೆ ಕಳುಹಿಸುವಂತಿಲ್ಲ. ಅದಕ್ಕಿಂತ ಮುಖ್ಯವಾಗಿ, ಉಳಿದಿರುವ ಒಂದೇ ಆಸರೆಯಾದ ನಿಮ್ಮಿಂದಲೂ ಅವನನ್ನು ದೂರ ಮಾಡಿದಂತಾಗುತ್ತದೆ. ಓವರ್‌ಟೈಮ್ ಬಿಟ್ಟು ರಾತ್ರಿಯ ಊಟವನ್ನಾದರೂ ಜೊತೆಗೆ ಮಾಡಲು ಸಾಧ್ಯವೇ ನೋಡಿ. ಬಾಡಿಗೆ ಕಟ್ಟಬೇಕಾದ ಮನೆಯಲ್ಲಿ ಇದು ಸುಲಭದ ಸಲಹೆಯಲ್ಲವೆಂದು ಬಲ್ಲೆ.
– ನಿವೃತ್ತ ಪ್ರೊಬೇಷನ್ ಅಧಿಕಾರಿ, ಮೈಸೂರು

ನಾನು ಪ್ರೌಢಶಾಲಾ ಶಿಕ್ಷಕಿ. ನಿಮ್ಮ ಮಗ ಫೇಲಾದದ್ದೇಕೆ ಎಂದು ಯಾರಾದರೂ ವಿಚಾರಿಸಿದ್ದಾರೆಯೇ? ಬೋರ್ಡಿನ ಮೇಲಿನದನ್ನು ಅಂದವಾಗಿ ನಕಲು ಮಾಡಿಕೊಳ್ಳುವ, ಆದರೆ ಗಟ್ಟಿಯಾಗಿ ಓದುವ ಸರದಿ ಬಂದೊಡನೆ ‘ಮಿಸ್, ನೀರು ಕುಡಿದು ಬರ್ತೀನಿ’ ಎಂದು ಏಳುವ ಹುಡುಗರನ್ನು ಪ್ರತಿವರ್ಷ ಕಾಣುತ್ತೇನೆ. ಅವರನ್ನು ದಡ್ಡರು ಅಥವಾ ಪುಂಡರು ಎಂದು ಬಗೆಯುತ್ತೇವೆ. ದಡ್ಡನೆನಿಸಿಕೊಳ್ಳುವುದಕ್ಕಿಂತ ಪುಂಡನೆನಿಸಿಕೊಳ್ಳುವುದು ಆ ಹುಡುಗರಿಗೆ ಮೇಲೆನಿಸುತ್ತದೆ. ಓದುವುದೇ ಕಷ್ಟವಾಗುವ ಇಂತಹ ಕಲಿಕಾ ತೊಂದರೆಯಿದೆಯೇ ಎಂಬುದನ್ನು ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗದಲ್ಲಿ ಪರೀಕ್ಷಿಸುತ್ತಾರೆ. ಹಳೆಯ ಶಾಲೆಗೆ ಮರಳಲು ಅವನು ಒಪ್ಪದಿದ್ದರೆ, ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೇ ತರಗತಿಯ ಪರೀಕ್ಷೆಗೆ ಕೂರಬಹುದು.
– ಓದುಗರು, ಹಾಸನ

ಹುಡುಗನ ಕಷ್ಟ ಅರ್ಥವಾಗುತ್ತದೆ. ಆದರೆ ಕಳುವಾದ ಬೈಕಿನ ಮಾಲೀಕರ ಬಗ್ಗೆ ತಾಯಿಯ ಪತ್ರದಲ್ಲಿ ಒಂದು ಸಾಲೂ ಇಲ್ಲದಿರುವುದು ನನಗೆ ಸರಿಕಾಣಲಿಲ್ಲ. ಹಿಂದೊಮ್ಮೆ ನನ್ನ ಬೈಕ್ ಕಳುವಾಗಿ ಹಾಲು ಹಾಕುವ ಕೆಲಸ ನಿಂತಿತ್ತು. ಕಾರಣಗಳನ್ನು ತಿಳಿಯುವುದೂ ಹೊಣೆಯನ್ನು ಕಲಿಸುವುದೂ ಒಂದಕ್ಕೊಂದು ಅಡ್ಡಿಯಲ್ಲ. ಮಂಡಳಿಯವರು ಒಪ್ಪಿದರೆ ಹುಡುಗ ಆ ಮಾಲೀಕರ ಮುಂದೆ ಕುಳಿತು, ಬೈಕಿಲ್ಲದ ದಿನಗಳಲ್ಲಿ ಅವರು ಕೆಲಸಕ್ಕೆ ಹೇಗೆ ಹೋಗುತ್ತಿದ್ದರೆಂದು ಅವರ ಬಾಯಿಂದಲೇ ಕೇಳಲಿ.
– ಹಾಲು ವಿತರಕರು, ದಾವಣಗೆರೆ