ಸಂಸ್ಥಾ ಬೆನ್ನಿಗಿಲ್ದ ಸಂಶೋಧನಾ ಮಾಡೋರಿಗೆ ರೊಕ್ಕ ಯಾರ್ ಕೊಡ್ತಾರ?

ತುಂಗಭದ್ರಾ_ದಂಡಿ:
ನಮಸ್ಕಾರ್ರೀ ಎಲ್ಲಾರಿಗೂ. ನಂದು ಸಮಾಜಶಾಸ್ತ್ರದಾಗ ಪಿಎಚ್‌ಡಿ ಆಗೇತಿ, ಗಂಗಾವತಿ ಕಡೆ ಕಾಲೇಜೊಂದರಾಗ ಗೆಸ್ಟ್ ಲೆಕ್ಚರರ್ ಅದೀನಿ, ಅಂದ್ರ ಕ್ಲಾಸ್ ಇದ್ರ ಪಗಾರ, ರಜಾ ಬಂತಂದ್ರ ಅದೂ ಇಲ್ಲ. ಒಂದ್ ಸ್ಟಡಿ ಮಾಡ್ಬೇಕಂತ ಭಾಳ ದಿನದಿಂದ ತಲ್ಯಾಗ ಐತಿ. 2023ರ ಜೂನ್ 11ಕ್ಕ ಶಕ್ತಿ ಯೋಜನೆ ಬಂತಲ್ರೀ, ಅದ್ರ ಮ್ಯಾಲೆ ಮಾತಾಡೋರೆಲ್ಲಾ ಗುಡಿಗೆ ಹೊಂಟ್ರು ತವರಿಗೆ ಹೊಂಟ್ರು ಅಂತಾನ ಹೇಳ್ತಾರ, ಭತ್ತದ ನಾಟಿ ಹಚ್ಚಾಕ ಹೋಗೋ ಹೆಣ್ಮಕ್ಕಳ ಕೂಲಿ ಏನಾತು ಅಂತ ಕೇಳಿದ್ದು ನಾ ಕಂಡಿಲ್ಲ. ಬಸ್ ಸ್ಟ್ಯಾಂಡಿನಾಗ ಒಬ್ಬಾಕಿ ಹೇಳಿದ್ಲು, ಮೊದ್ಲು ಮೇಸ್ತ್ರಿ ಕಳಿಸೋ ಟಂಟಂ ಆಟೋದಾಗಾ ಹೋಗ್ಬೇಕಿತ್ತಂತ, ಅದ್ರ ಚಾರ್ಜು ಕೂಲಿಯಾಗ ಮುರ್ಕೊಂಡು ಕೊಡ್ತಿದ್ದನಂತ, ಈಗ ಎಲ್ಲಿ ಹತ್ತು ರೂಪಾಯಿ ಜಾಸ್ತಿ ಸಿಗ್ತೈತಿ ಆ ಊರಿನ ಬಸ್ ಹತ್ತತಾರಂತ. ಎಲಿ ಅಡಕಿ ಚೀಲದಾಗಿಂದ ಝೀರೋ ಟಿಕೆಟಿನ ಕಟ್ಟು ತೆಗದು ತೋರ್ಸಿದ್ಲು ನೋಡ್ರಿ, ಪ್ರತಿ ಟಿಕೆಟಿನ ಹಿಂದ ಪೆನ್ನಿಲೆ ಅವತ್ತಿನ ಕೂಲಿ ಬರದಿಟ್ಟಾಳ! ಇದಕ್ಕಿಂತ ಡೇಟಾ ಬೇಕೇನ್ರೀ?

ಆರು ತಿಂಗಳು, ಸರ್ವೆಗೆ ಇಬ್ರು ಹುಡಿಗ್ಯಾರು, ರೆಕಾರ್ಡಿಂಗ್ ಕೇಳಿ ಬರಿಯಾಕ ಒಬ್ರು, ಎಲ್ಲಾ ಸೇರಿ ಎರಡೂವರೆ ಲಕ್ಷ ಆಗ್ತೈತಿ (ಎಲ್ಲಾರೂ ಹೆಣ್ಮಕ್ಕಳಾಗಿದ್ದಕ್ಕ ಬಸ್ ಖರ್ಚು ಉಳೀತು). ಯಾರನ್ನ ಕೇಳ್ಲಿ? ಸರ್ಕಾರದ್ದು ತಗೊಂಡ್ರ ಅವರಿಗೆ ಬೇಕಾದಂಗ ಬರೀಬೇಕಾಗ್ತೈತಿ ಅಂತ ಹೆದ್ರಿಕಿ.

ಹಳೇ_ಪ್ರಾಜೆಕ್ಟ್_ಅಸಿಸ್ಟೆಂಟ್:
ಮೇಡಂ, ಎಲ್ರೂ ಮೊದಲು ಹೇಳೋದು ಐಸಿಎಸ್‌ಎಸ್‌ಆರ್, ಕೇಂದ್ರ ಸರ್ಕಾರದ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ, 1969ರಲ್ಲಿ ಅದು ಹುಟ್ಟಿದ್ದೇ ಸಮಾಜ ವಿಜ್ಞಾನದ ರಿಸರ್ಚಿಗೆ ದುಡ್ಡು ಕೊಡೋಕೆ. ಆದ್ರೆ ಮಧ್ಯದಲ್ಲಿ ಯೂನಿವರ್ಸಿಟಿನೋ ಮಾನ್ಯತೆ ಇರೋ ಸಂಸ್ಥೆನೋ ಇರ್ಲೇಬೇಕು, ಗ್ರ್ಯಾಂಟ್ ಅವರ ಮೂಲಕಾನೇ ಬರೋದು, ಅದೂ ಕಂತಲ್ಲಿ, ದುಡ್ಡು ಯಾವುದಕ್ಕೆ ಖರ್ಚಾಯ್ತು ಅನ್ನೋ ಯುಟಿಲೈಸೇಶನ್ ಸರ್ಟಿಫಿಕೇಟ್ ಅದು ಇದು ಅಂತ ಕಾಗದ ಬೇರೆ. ನಾನು ಕೆಲಸ ಮಾಡಿದ್ದ ಪ್ರಾಜೆಕ್ಟಲ್ಲಿ (ಅದರ ಫಂಡರ್ ಬೇರೆ, ಹೆಸರು ಬೇಡ ಬಿಡಿ) ಎರಡನೇ ಕಂತು ಬರೋ ಹೊತ್ತಿಗೆ ಸರ್ವೆ ಹುಡುಗರು ಡೆಲಿವರಿ ಕೆಲಸಕ್ಕೆ ಸೇರ್ಕೊಂಡಿದ್ರು.

ಸಿಎಸ್‌ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡೋ ದುಡ್ಡು) ಅಂತ ಯಾರಾದ್ರೂ ಹೇಳ್ತಾರೆ, ಅದಕ್ಕೂ ಮೊದಲೇ ಹೇಳ್ಬಿಡ್ತೀನಿ. ಕಂಪನಿ ಕಾಯ್ದೆಯ ಏಳನೇ ಶೆಡ್ಯೂಲಲ್ಲಿ ರಿಸರ್ಚ್ ಅಂತ ಇರೋದು ಸೈನ್ಸ್, ಟೆಕ್ನಾಲಜಿ, ಎಂಜಿನಿಯರಿಂಗ್, ಮೆಡಿಸಿನ್ ಅಷ್ಟೇ. ಸಮಾಜ ವಿಜ್ಞಾನದ ಹೆಸರೇ ಇಲ್ಲ. ಗ್ರಾಮೀಣಾಭಿವೃದ್ಧಿ ಅಂತ ತೂರಿಸ್ಬೇಕು, ಆಗ ಅವ್ರು ಕೇಳೋದು ಎಷ್ಟು ಜನ ಫಲಾನುಭವಿಗಳು ಅಂತ.

ಇನ್ನು ಸರ್ಕಾರದ ದುಡ್ಡು ಅಂದ್ರೆ ಬಾಯಿ ಹೊಲೀತಾರೆ ಅನ್ನೋದನ್ನ ನಾನು ಪೂರ್ತಿ ಒಪ್ಪಲ್ಲ. ಬೆಂಗಳೂರಿನ ನಾಗರಭಾವಿಯ ಐಸೆಕ್ ಅನ್ನೋ ಸಮಾಜ ವಿಜ್ಞಾನ ಸಂಶೋಧನಾ ಸಂಸ್ಥೆ ನೋಡಿ, ವಿ.ಕೆ.ಆರ್.ವಿ. ರಾವ್ 1972ರಲ್ಲಿ ಕಟ್ಟಿದ್ದು, ರಾಜ್ಯ ಸರ್ಕಾರ ಮತ್ತೆ ಐಸಿಎಸ್‌ಎಸ್‌ಆರ್ ದುಡ್ಡಲ್ಲೇ ಇಷ್ಟು ವರ್ಷ ನಡೀತಾ ಬಂದಿದೆ. ಯಾರ ದುಡ್ಡು ಅನ್ನೋದಕ್ಕಿಂತ ಅಗ್ರಿಮೆಂಟಲ್ಲಿ ಏನಿದೆ ನೋಡಿ. ಪಬ್ಲಿಶ್ ಮಾಡೋಕೆ ಮುಂಚೆ ಅವ್ರ ಪರ್ಮಿಶನ್ ಬೇಕು ಅಂತ ಒಂದು ಸಾಲು ಇದ್ರೆ, ಅದು ಸರ್ಕಾರ ಆಗ್ಲಿ ಎನ್‌ಜಿಒ ಆಗ್ಲಿ, ಸೈನ್ ಹಾಕ್ಬೇಡಿ.

ನ್ಯೂಜೆರ್ಸಿ_ಮಾವ:
ಅಲ್ಲಮ್ಮ, ಎರಡೂವರೆ ಲಕ್ಷ ಅಂದ್ರೆ ಇಲ್ಲಿ ಹತ್ತಿರ ಹತ್ತಿರ ಮೂರು ಸಾವಿರ ಡಾಲರ್ ಅಷ್ಟೇ, ನಾವು ಕನ್ನಡ ಕೂಟದ ಹತ್ತು ಜನ ಸೇರಿದ್ರೆ ಒಂದು ಸಂಜೇಲಿ ಆಗುತ್ತೆ. ಅಕೌಂಟ್ ನಂಬರ್ ಮೆಸೇಜ್ ಮಾಡಿ, ಈ ಅರ್ಜಿ ಗಿರ್ಜಿ ಯಾಕೆ?

ಲೆಕ್ಕದ_ಪುಟ:
ಮಾವ ಸ್ವಲ್ಪ ತಡೀರಿ!! ಮೇಡಂ ಅಕೌಂಟ್ ನಂಬರ್ ಕೊಡ್ಬೇಡಿ ಈಗ್ಲೇ. ಆ ಹತ್ತು ಜನದಲ್ಲಿ ಅಮೆರಿಕನ್ ಪಾಸ್‌ಪೋರ್ಟ್ ಎಷ್ಟು ಜನರ ಹತ್ರ ಇದೆ? ಭಾರತದ ಪಾಸ್‌ಪೋರ್ಟ್ ಇರೋ ಎನ್‌ಆರ್‌ಐ ತನ್ನ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳ್ಸಿದ್ರೆ ಅದು ವಿದೇಶಿ ದೇಣಿಗೆ ಅಲ್ಲ, ಓಸಿಐ ಕಾರ್ಡ್ ಇರೋರು (ಬೇರೆ ದೇಶದ ಪೌರತ್ವ ಇರೋ ಭಾರತೀಯ ಮೂಲದವರು) ಕಳ್ಸಿದ್ರೆ ಹೌದು, ಕನ್ನಡ ಎಷ್ಟು ಚೆನ್ನಾಗಿ ಮಾತಾಡಿದ್ರೂ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಕಣ್ಣಲ್ಲಿ ಅವರು ವಿದೇಶಿ. ಇಂಥ ಕೆಲಸಕ್ಕೆ ಅಂತ ತಗೊಳ್ಳೋದಾದ್ರೆ ಒಬ್ಬ ವ್ಯಕ್ತಿಗೂ ರಿಜಿಸ್ಟ್ರೇಶನ್ ಅಥವಾ ಮುಂಚಿತ ಅನುಮತಿ ಬೇಕು. ಯಾವ್ದಾದ್ರೂ ಎಫ್‌ಸಿಆರ್‌ಎ ಇರೋ ಟ್ರಸ್ಟ್ ಮೂಲಕ ನಿಮಗೆ ಗ್ರ್ಯಾಂಟ್ ದಾಟಿಸೋಣ ಅಂದ್ರೆ 2020ರ ತಿದ್ದುಪಡಿ ಆ ದಾರಿ ಮುಚ್ಚಿದೆ. ದೆಹಲಿಯ ಸೆಂಟರ್ ಫಾರ್ ಪಾಲಿಸಿ ರಿಸರ್ಚ್‌ನಂಥ ದೊಡ್ಡ ಸಂಸ್ಥೆದೇ ಎಫ್‌ಸಿಆರ್‌ಎ ಲೈಸೆನ್ಸ್ 2023ರಲ್ಲಿ ಸಸ್ಪೆಂಡ್ ಆಗಿ 2024ರ ಜನವರಿಲಿ ರದ್ದಾಯ್ತು, ನಾವು ನೀವು ಯಾವ ಲೆಕ್ಕ.

ಊರಿನ ಸ್ನೇಹಿತರು ಗೂಗಲ್ ಪೇ ಮಾಡಿದ್ರೂ ಒಂದು ಮಾತು ನೆನಪಿರ್ಲಿ. ಸಂಬಂಧಿಕರಲ್ಲದವರಿಂದ ವರ್ಷಕ್ಕೆ ಒಟ್ಟು 50,000 ದಾಟ್ತು ಅಂದ್ರೆ ದಾಟಿದ್ದಕ್ಕಲ್ಲ, ಇಡೀ ಮೊತ್ತ ನಿಮ್ಮ ಆದಾಯ ಅಂತ ಲೆಕ್ಕ. ಅದಕ್ಕೇ ಇಲ್ಲಿನ ದುಡ್ಡನ್ನ ಆದಾಯ ತೆರಿಗೆ ವಿನಾಯಿತಿಯ ನೋಂದಣಿ ಇರೋ ನಂಬಿಕಸ್ತ ಟ್ರಸ್ಟ್ ತಗೊಂಡು ತಾನೇ ಸರ್ವೆ ಹುಡುಗಿಯರಿಗೆ ಸಂಬಳ ಕೊಡ್ಲಿ, ನೀವು ಬರೀರಿ. ಕೊಟ್ಟೋರ ಹೆಸರು ರಿಪೋರ್ಟಿನ ಮೊದಲನೇ ಪುಟದಲ್ಲೇ ಹಾಕಿ. ಹೆಸರು ಹಾಕ್ಬೇಡಿ ಅನ್ನೋರ ಹತ್ರ ತಗೋಬೇಡಿ.

ನ್ಯೂಜೆರ್ಸಿ_ಮಾವ:
ನಂದೇ ಓಸಿಐ ಮಾರಾಯಾ 🙁 ಸರಿ, ನಮ್ಮಲ್ಲಿ ಭಾರತದ ಪಾಸ್‌ಪೋರ್ಟ್ ಇಟ್ಕೊಂಡು ಎಚ್1ಬಿ ವೀಸಾದಲ್ಲಿ ಕೆಲಸ ಮಾಡೋ ಹುಡುಗರು ನಾಲ್ಕೈದು ಜನ ಇದಾರೆ, ಅವರನ್ನ ಕೇಳ್ತೀನಿ.

ಕೆರೆ_ಏರಿ:
ದುಡ್ಡಿನ ವಿಷ್ಯ ಎಲ್ರೂ ಹೇಳಿದ್ರು. ಅಕ್ಕಾ, ಬಸ್ ಟಿಕೆಟ್ ಥರ್ಮಲ್ ಪೇಪರ್, ಬೆವರು ಬಿಸಿಲಿಗೆ ಪ್ರಿಂಟ್ ಅಳಿಸಿಹೋಗುತ್ತೆ, ಪೆನ್ನಲ್ಲಿ ಬರೆದ ಕೂಲಿ ಉಳಿದ್ರೂ ತಾರೀಕು ಸ್ಟೇಜು ಎರಡೂ ಹೋದ್ಮೇಲೆ ಏನು ಮಾಡ್ತೀರ? ಗ್ರ್ಯಾಂಟಿಗೆ ಕಾಯ್ಬೇಡಿ, ಅವರನ್ನ ಕೇಳಿ ಒಪ್ಪಿಸಿ ಈ ವಾರಾನೇ ಫೋಟೋ ತೆಗೆದಿಡಿ, ಎರಡೂ ಕಡೆ. ಹೆಸರು ಊರು ಎಲ್ಲೂ ಬರೀಬೇಡಿ, ನಾಳೆ ಮೇಸ್ತ್ರಿ ಓದಿದ್ರೆ ಅವರ ಕೂಲಿಗೇ ಕುತ್ತು.

ತುಂಗಭದ್ರಾ_ದಂಡಿ:
ಥರ್ಮಲ್ ಪೇಪರ್ ವಿಚಾರ ನನ್ ತಲ್ಯಾಗ ಬಂದಿದ್ದಿಲ್ಲ ನೋಡ್ರಿ, ನಾಳೆ ಸಂತಿ ಐತಿ, ಆಕಿ ಬರ್ತಾಳ, ಕೇಳಿ ನೋಡ್ತೀನಿ. ಎರಡೂವರೆ ಲಕ್ಷದ್ದು ಸದ್ಯ ಬಿಟ್ಟು ಒಂದಾ ಬಸ್ ರೂಟು, ಒಂದಾ ನಾಟಿ ಹಂಗಾಮು ಅಂತ ಸಣ್ಣದು ಮಾಡ್ಕೊಂಡ್ರ ನಲವತ್ತು ಸಾವಿರದಾಗ ಮುಗೀತೈತಿ ಅನಸ್ತೈತಿ. ಲೆಕ್ಕದ ಪುಟ ಸರ್, ಕೊಪ್ಪಳ ಬಳ್ಳಾರಿ ಕಡೆ ಅಂಥ ಟ್ರಸ್ಟ್ ಗೊತ್ತಿದ್ರ ಹೇಳ್ರಿ, ಆದ್ರ ರೈಸ್ ಮಿಲ್ ಮಾಲಕ್ರು ಟ್ರಸ್ಟಿ ಇರೋದು ಮಾತ್ರ ಬ್ಯಾಡ.